ಬಿಸಿ ಮಾಡಿದರೆ ಕಣ ಕುಗ್ಗುತ್ತೆ, ದ್ರಾವಣ ಮಾತ್ರ ಹಾಲಾಗುತ್ತೆ: ಪಿನಿಪಾಮ್ ಮೈಕ್ರೋಜೆಲ್ ಅಳತೆಯಲ್ಲಿ ತಪ್ಪೆಲ್ಲಿ?

ಹಾಲುನೀರು (ಪ್ರಶ್ನೆ)

ನಮಸ್ಕಾರ. ಪಾಲಿ ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್, ಅಂದರೆ ಪಿನಿಪಾಮ್ ಮೈಕ್ರೋಜೆಲ್ (ತಣ್ಣೀರಿನಲ್ಲಿ ಉಬ್ಬಿ, 32 ಡಿಗ್ರಿಯ ಆಸುಪಾಸಿನಲ್ಲಿ ಕುಗ್ಗುವ ಸೂಕ್ಷ್ಮ ಪಾಲಿಮರ್ ಕಣಗಳು) ಮೇಲೆ ಮಾಡಿದ ಮೂರು ಅಳತೆಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ತಪ್ಪು ಜೆಲ್‌ನಲ್ಲಿದೆಯೋ ಅಳತೆಯಲ್ಲಿದೆಯೋ ಗೊತ್ತಾಗಬೇಕು. ಉಷ್ಣತೆ ಎಲ್ಲ ಕಡೆ ಸೆಲ್ಸಿಯಸ್‌ನಲ್ಲೇ ಕೊಟ್ಟಿದ್ದೇನೆ.

ತಯಾರಿ ಹೀಗೆ: ನೀರು 100 ಮಿ.ಲೀ., ನಿಪಾಮ್ (ಪಾಲಿಮರ್‌ನ ಬಿಡಿ ಅಣು) 1.58 ಗ್ರಾಂ, ಸರಪಳಿಗಳನ್ನು ಜಾಲವಾಗಿ ಕಟ್ಟುವ ಕ್ರಾಸ್‌ಲಿಂಕರ್ ಬಿಸ್‌ಅಕ್ರಿಲಮೈಡ್ (ಬಿಸ್) 0.108 ಗ್ರಾಂ (ನಿಪಾಮ್ ಲೆಕ್ಕದಲ್ಲಿ 5 ಮೋಲ್ ಶೇಕಡಾ), ಎಸ್‌ಡಿಎಸ್ (ಸಾಬೂನಿನಂಥ ವಸ್ತು) 0.03 ಗ್ರಾಂ. 70 ಡಿಗ್ರಿಯಲ್ಲಿ 45 ನಿಮಿಷ ನೈಟ್ರೋಜನ್ ಹಾಯಿಸಿ, ಪೊಟ್ಯಾಸಿಯಂ ಪರ್‌ಸಲ್ಫೇಟ್ 0.06 ಗ್ರಾಂ ಅನ್ನು 5 ಮಿ.ಲೀ. ನೀರಿನಲ್ಲಿ ಕರಗಿಸಿ ಒಂದೇ ಸಲಕ್ಕೆ ಹಾಕಿದ್ದು. ಹತ್ತು ನಿಮಿಷದೊಳಗೆ ನೀಲಿ ಛಾಯೆ, ಆಮೇಲೆ ಹಾಲುಬಣ್ಣ. ಒಟ್ಟು 5 ಗಂಟೆ ಕಲಕಿ, ಒಂದು ದಿನ ಡಯಾಲಿಸಿಸ್ (ಪೊರೆಯ ಮೂಲಕ ಸಣ್ಣ ಅಣುಗಳನ್ನು ತೊಳೆದು ತೆಗೆಯುವುದು).

ಮೊದಲನೆಯದು ಡಿಎಲ್‌ಎಸ್, ಅಂದರೆ ಚದುರಿದ ಲೇಸರ್ ಬೆಳಕಿನ ಏರಿಳಿತದಿಂದ ಕಣದ ವ್ಯಾಸ ತಿಳಿಯುವ ವಿಧಾನ. ಲೇಸರ್ 633 ನ್ಯಾನೋಮೀಟರ್, ಚದುರು ಕೋನ 173°. 20 ಡಿಗ್ರಿಯಲ್ಲಿ ವ್ಯಾಸ 540 ನ್ಯಾನೋಮೀಟರ್, 50 ಡಿಗ್ರಿಯಲ್ಲಿ 138. ಪಿಡಿಐ (ಕಣಗಳ ಅಳತೆ ಎಷ್ಟು ಹರಡಿದೆ ಎಂಬ ಸಂಖ್ಯೆ) 0.06. ಅನುಪಾತದ ಘನ ತೆಗೆದರೆ ಗಾತ್ರ (ಘನಫಲ) 60 ಪಟ್ಟು ಕುಗ್ಗಿದ ಲೆಕ್ಕ! ಇಷ್ಟು ಕ್ರಾಸ್‌ಲಿಂಕರ್ ಇರುವಾಗ ಇದನ್ನು ನಂಬಲು ಮನಸ್ಸು ಬರುತ್ತಿಲ್ಲ. 32ರ ಆಸುಪಾಸಿನಲ್ಲಿ ರೇಖೆಗೆ ಒಂದು ಸಣ್ಣ ಗೂನೂ ಇದೆ.

ಎರಡನೆಯದು ಯುವಿ-ವಿಸ್, ಅಂದರೆ ದ್ರಾವಣ ದಾಟಿ ಬರುವ ಬೆಳಕಿನ ಅಳತೆ, 500 ನ್ಯಾನೋಮೀಟರ್‌ನಲ್ಲಿ, ತೂಕದಲ್ಲಿ 0.1% ದ್ರಾವಣ, 1 ಸೆಂ.ಮೀ. ಕ್ಯುವೆಟ್. 20 ಡಿಗ್ರಿಯಲ್ಲಿ ಅಬ್ಸಾರ್ಬೆನ್ಸ್ 0.22, 45 ಡಿಗ್ರಿಯಲ್ಲಿ 0.83. ಕಣ ಚಿಕ್ಕದಾದರೆ ಚದುರಿಕೆ ಕಡಿಮೆಯಾಗಬೇಕಲ್ಲವೇ? ಕಣಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತಿವೆಯೇ? ನಿಮಿಷಕ್ಕೆ 2 ಡಿಗ್ರಿಯಂತೆ ಬಿಸಿ ಮಾಡುವಾಗ ತಿರುವು (ಉಬ್ಬಿದ ಕಣ ಕುಗ್ಗುವ ಉಷ್ಣತೆ) 34.6ಕ್ಕೆ, ತಣಿಸುವಾಗ 31.0ಕ್ಕೆ. ಡಿಎಲ್‌ಎಸ್ ಹೇಳುವುದು 32.

ಮೂರನೆಯದು ಎಫ್‌ಟಿಐಆರ್, ಅಂದರೆ ಅವಕೆಂಪು ರೋಹಿತ. ಅದೇ 0.1% ದ್ರಾವಣವನ್ನು ಎಟಿಆರ್ ಹರಳಿನ (ತನ್ನ ಮೇಲೆ ಕೂತ ಮಾದರಿಗೆ ಅವಕೆಂಪು ಬೆಳಕು ತಾಗಿಸುವ ಹರಳು) ಮೇಲೆ ಹನಿಸಿದರೆ 1640 ಸೆಂ.ಮೀ⁻¹ ಬಳಿ ಒಂದು ದಪ್ಪ ಪಟ್ಟಿ ಬಿಟ್ಟು ಏನೂ ಕಾಣುವುದಿಲ್ಲ. ಪಾಲಿಮರ್‌ನ ಅಮೈಡ್ ಪಟ್ಟಿ ಎಲ್ಲಿ ಹೋಯಿತು?

ಚದುರುಬೆಳಕು

60 ಪಟ್ಟಿನ ಗುಟ್ಟು ಬಹುತೇಕ ಒಂದು ಕಡೆ ಇದೆ: ಸಾಫ್ಟ್‌ವೇರ್‌ನಲ್ಲಿ ದ್ರಾವಕದ ಸ್ನಿಗ್ಧತೆಯನ್ನು 25 ಡಿಗ್ರಿಯ ಬೆಲೆಗೆ ಕಟ್ಟಿಹಾಕಿದ್ದೀರಿ.

ಡಿಎಲ್‌ಎಸ್ ಯಂತ್ರ ವ್ಯಾಸವನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ಕಣ ಎಷ್ಟು ಬೇಗ ಅಲೆದಾಡುತ್ತದೆ ಎಂಬುದನ್ನು, ಅಂದರೆ ವಿಸರಣ ಗುಣಾಂಕವನ್ನು. ಅದರಿಂದ ಸ್ಟೋಕ್ಸ್-ಐನ್‌ಸ್ಟೈನ್ ಸಮೀಕರಣದ ಮೂಲಕ ವ್ಯಾಸ ತೆಗೆಯುತ್ತದೆ, ಅಲ್ಲಿ ಛೇದದಲ್ಲಿ ಸ್ನಿಗ್ಧತೆ ಕೂತಿದೆ. ನೀರಿನ ಸ್ನಿಗ್ಧತೆ 20 ಡಿಗ್ರಿಯಲ್ಲಿ 1.002, 25ರಲ್ಲಿ 0.890, 40ರಲ್ಲಿ 0.653, 50ರಲ್ಲಿ 0.547 ಮಿಲಿಪಾಸ್ಕಲ್-ಸೆಕೆಂಡ್. ಬಿಸಿಯಾದಾಗ ನೀರು ತೆಳುವಾಗಿ ಕಣ ಚುರುಕಾಗಿ ಓಡುತ್ತದೆ. ಯಂತ್ರಕ್ಕೆ ನೀರು ತೆಳುವಾದದ್ದು ಗೊತ್ತಿಲ್ಲದಿದ್ದರೆ "ಓಹೋ, ಕಣ ಇನ್ನೂ ಚಿಕ್ಕದು" ಎಂದುಕೊಳ್ಳುತ್ತದೆ.

ನಿಮ್ಮ ಅಂಕಿಗಳನ್ನೇ ಸರಿಪಡಿಸಿ ನೋಡೋಣ. 540 × 0.890 ÷ 1.002 = 480. 138 × 0.890 ÷ 0.547 = 225. ಅನುಪಾತ 2.13, ಘನ ತೆಗೆದರೆ 9.7. ಶೇಕಡಾ 5 ಬಿಸ್ ಇರುವ ಕಣಕ್ಕೆ ಹತ್ತರ ಹತ್ತಿರ ಎಂದರೆ ಸರಿಯಾದ ಜಾಗದಲ್ಲೇ ಇದ್ದೀರಿ. ದ್ರಾವಕದ ಪಟ್ಟಿಯಲ್ಲಿ "ನೀರು" ಎಂದು ಆರಿಸಿ ಉಷ್ಣತೆಗೆ ತಕ್ಕಂತೆ ಸ್ನಿಗ್ಧತೆ ಬದಲಾಗುವ ಆಯ್ಕೆ ಒತ್ತಿದರೆ ಮುಗಿಯಿತು. ಹಳೆಯ ಕಡತವನ್ನೇ ಮರುಲೆಕ್ಕ ಹಾಕಬಹುದು, ಮತ್ತೆ ಅಳೆಯುವ ಅಗತ್ಯವಿಲ್ಲ.

ಗೂನಿನ ವಿಷಯ ಬೇರೆ. 173° ಕೋನದಲ್ಲಿ, 633 ನ್ಯಾನೋಮೀಟರ್ ಬೆಳಕಿಗೆ, ನೀರಿನಲ್ಲಿ ಚದುರು ಸದಿಶದ (ಕೋನ, ತರಂಗಾಂತರ ಎರಡರಿಂದ ಬರುವ ಸಂಖ್ಯೆ) ಬೆಲೆ ಸುಮಾರು 0.0264 ಪ್ರತಿ ನ್ಯಾನೋಮೀಟರ್. ಸಮರೂಪದ ಗೋಲವೊಂದರ ಚದುರಿಕೆ, ಈ ಬೆಲೆಯನ್ನು ತ್ರಿಜ್ಯದಿಂದ ಗುಣಿಸಿದಾಗ 4.49 ಬಂದಲ್ಲಿ ಮೊದಲ ಸಲ ಸೊನ್ನೆಗೆ ಇಳಿಯುತ್ತದೆ. ಅಂದರೆ ತ್ರಿಜ್ಯ 170, ವ್ಯಾಸ 340 ನ್ಯಾನೋಮೀಟರ್. ನಿಮ್ಮ ಕಣ 480ರಿಂದ 225ಕ್ಕೆ ಇಳಿಯುವಾಗ ಈ ಹಳ್ಳವನ್ನು ದಾಟಲೇಬೇಕು, ದಾಟುವುದು ಸರಿಯಾಗಿ ತಿರುವಿನ ಮಧ್ಯದಲ್ಲಿ. ಆ ಹೊತ್ತಿಗೆ ಸರಾಸರಿ ಗಾತ್ರದ ಕಣಗಳು ಯಂತ್ರಕ್ಕೆ ಕಾಣುವುದೇ ಇಲ್ಲ, ಸ್ವಲ್ಪ ದೊಡ್ಡವು ಮತ್ತು ಸ್ವಲ್ಪ ಚಿಕ್ಕವು ಮಾತ್ರ ಕಾಣುತ್ತವೆ. ಮೈಕ್ರೋಜೆಲ್‌ನ ಅಂಚು ನಾರುನಾರಾಗಿರುವುದರಿಂದ ಹಳ್ಳ ಸ್ವಲ್ಪ ಅತ್ತಿತ್ತ ಸರಿದಿರುತ್ತದೆ, ಪೂರ್ತಿ ಸೊನ್ನೆಯೂ ಆಗುವುದಿಲ್ಲ. ಪರೀಕ್ಷೆ ಸುಲಭ: ವ್ಯಾಸದ ಪಕ್ಕದಲ್ಲೇ ಕೌಂಟ್ ರೇಟನ್ನೂ, ಅಂದರೆ ಡಿಟೆಕ್ಟರ್‌ಗೆ ಬೀಳುವ ಚದುರಿದ ಬೆಳಕಿನ ಪ್ರಮಾಣವನ್ನೂ, ಉಷ್ಣತೆಯ ಎದುರು ಬಿಡಿಸಿ (ಲೇಸರ್ ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಒಂದೇ ಸ್ಥಾನದಲ್ಲಿ ನಿಲ್ಲಿಸಿರಬೇಕು). ಗೂನು ಇರುವ ಕಡೆ ಕೌಂಟ್ ರೇಟ್ ಕುಸಿದಿದ್ದರೆ ಇದೇ ಕಾರಣ. ಬೇರೆ ಕೋನಗಳಿರುವ ಯಂತ್ರವಿದ್ದರೆ 30°ಯಿಂದ 90°ಯೊಳಗೆ ನಾಲ್ಕೈದು ಕೋನದಲ್ಲಿ ಅಳೆದು, ಡಿಎಲ್‌ಎಸ್ ಸಂಕೇತದ ಕ್ಷಯದ ದರವನ್ನು ಚದುರು ಸದಿಶದ ವರ್ಗದ ಎದುರು ಇಡಿ. ಸೊನ್ನೆಯ ಮೂಲಕ ಹಾಯುವ ನೇರ ಗೆರೆ ಬಂದರೆ ಅದರ ಇಳಿಜಾರೇ ವಿಸರಣ ಗುಣಾಂಕ.

ಇನ್ನೆರಡು ಮಾತು. ಡಿಎಲ್‌ಎಸ್‌ಗೆ 0.1% ದಟ್ಟವಾಯಿತು, 0.01% ಅಥವಾ ಅದಕ್ಕೂ ಕಡಿಮೆ ಇರಲಿ. ದೂಳು ತೆಗೆಯಲು ಕಣಗಳನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಹಾಯಿಸಬೇಡಿ. ಜೆಲ್ ಮೆತ್ತಗಿರುವುದರಿಂದ ಕೆಲವು ಹಿಂಡಿಕೊಂಡು ದಾಟುತ್ತವೆ, ಉಳಿದವು ಅಲ್ಲೇ ಕೂರುತ್ತವೆ, ಸಾಂದ್ರತೆ ಎಷ್ಟು ಉಳಿಯಿತೆಂದು ಹೇಳಲಾಗದು. ನೀರನ್ನು 0.2 ಮೈಕ್ರಾನ್‌ನಲ್ಲಿ ಸೋಸಿ, ಆ ನೀರಿನಿಂದ ತೆಳು ಮಾಡಿ.

ಬಿಳಿಗೋಲ

ಎರಡನೆಯ ಪ್ರಶ್ನೆಗೆ ಚಿಕ್ಕ ಉತ್ತರ: ಇಲ್ಲ, ಗುಂಪಾಗುತ್ತಿಲ್ಲ. ಉಬ್ಬಿದ ಕಣದ ಒಳಗೆ ಬಹುಪಾಲು ನೀರೇ ಇರುವುದರಿಂದ ಅದರ ವಕ್ರೀಭವನ ಸೂಚ್ಯಂಕ ನೀರಿನ 1.33ಕ್ಕೆ ತೀರಾ ಹತ್ತಿರ, ಹಾಗಾಗಿ ಬೆಳಕಿಗೆ ಕಣ ಕಾಣುವುದೇ ಇಲ್ಲ. ಕುಗ್ಗಿದಾಗ ನೀರು ಹೊರಹೋಗಿ ಸೂಚ್ಯಂಕ 1.4ರ ಕಡೆಗೆ ಏರುತ್ತದೆ. ವ್ಯತ್ಯಾಸ ಹೆಚ್ಚಾದಷ್ಟೂ ಚದುರಿಕೆ ಹೆಚ್ಚು. ಅದಕ್ಕೇ ಹಾಲುಬಣ್ಣ.

ಚದುರುಬೆಳಕು

@ಬಿಳಿಗೋಲ, ಎಲ್ಲ ಕಡೆ ಬರೆಯುವ ವಿವರಣೆ ಇದೇ, ಆದರೆ ಅರ್ಧ ಮಾತ್ರ. ಸೂಚ್ಯಂಕದ ವ್ಯತ್ಯಾಸ ಏರಿದಷ್ಟೇ ಪ್ರಮಾಣದಲ್ಲಿ ಕಣದ ಘನಫಲ ಇಳಿದಿರುತ್ತದೆ. ಕಣದಲ್ಲಿರುವ ಪಾಲಿಮರ್ ತೂಕ ಬದಲಾಗಿಲ್ಲ ತಾನೇ? ವ್ಯತ್ಯಾಸವನ್ನು ಘನಫಲದಿಂದ ಗುಣಿಸಿದರೆ ಉಬ್ಬಿದಾಗಲೂ ಕುಗ್ಗಿದಾಗಲೂ ಒಂದೇ ಉತ್ತರ. ಆದ್ದರಿಂದ ನೇರ ಮುಂದಕ್ಕೆ, ಸೊನ್ನೆ ಕೋನದಲ್ಲಿ ಚದುರುವ ಬೆಳಕು ಎರಡೂ ಸ್ಥಿತಿಯಲ್ಲಿ ಹೆಚ್ಚೂಕಡಿಮೆ ಸಮ. ಕಣ ತರಂಗಾಂತರಕ್ಕಿಂತ ತೀರಾ ಚಿಕ್ಕದಾಗಿದ್ದರೆ ಕುಗ್ಗಿದರೂ ದ್ರಾವಣ ಅಷ್ಟೇನೂ ಬೆಳ್ಳಗಾಗುತ್ತಿರಲಿಲ್ಲ.

ಬದಲಾಗುವುದು ಪಕ್ಕಕ್ಕೂ ಹಿಂದಕ್ಕೂ ಹೋಗುವ ಬೆಳಕು. 500 ನ್ಯಾನೋಮೀಟರ್ ಬೆಳಕಿನ ತರಂಗಾಂತರ ನೀರಿನೊಳಗೆ 376. ಕಣದ ವ್ಯಾಸ 480 ಇದ್ದಾಗ ಅದರ ಈ ತುದಿಯಿಂದ ಚದುರಿದ ಅಲೆ ಆ ತುದಿಯದರೊಂದಿಗೆ ಹೊಂದಾಣಿಕೆ ತಪ್ಪಿ ಒಂದನ್ನೊಂದು ಅಳಿಸುತ್ತದೆ. ವ್ಯಾಸ 225ಕ್ಕೆ ಇಳಿದಾಗ ಈ ಅಳಿಸಾಟ ಕಡಿಮೆ. ಸಮರೂಪದ ಗೋಲ ಎಂದಿಟ್ಟುಕೊಂಡು ರೇಲೀ-ಗಾನ್ಸ್-ಡಿಬೈ ಲೆಕ್ಕ (ನೀರಿಗೆ ಹತ್ತಿರದ ಸೂಚ್ಯಂಕವಿರುವ ಕಣದ ಚದುರಿಕೆಯ ಸೂತ್ರ) ಹಾಕಿದರೆ ಒಟ್ಟು ಚದುರಿಕೆ ಸುಮಾರು 3.5 ಪಟ್ಟು ಏರಬೇಕು. ಹಾಲುನೀರು ಅವರದು 0.83 ÷ 0.22, ಅಂದರೆ 3.8. ಉಳಿದ ಚೂರು ವ್ಯತ್ಯಾಸಕ್ಕೆ ಒಂದು ಕಾರಣ ಡಿಟೆಕ್ಟರ್: ಉಬ್ಬಿದ ಕಣ ಹೆಚ್ಚಾಗಿ ಮುಂದಕ್ಕೇ ಚದುರಿಸುತ್ತದೆ, ಆ ಬೆಳಕಿನ ಒಂದು ಪಾಲು ಡಿಟೆಕ್ಟರ್ ಒಳಗೇ ಬಿದ್ದು "ಚದುರಲಿಲ್ಲ" ಎಂಬ ಲೆಕ್ಕಕ್ಕೆ ಸೇರುತ್ತದೆ. ಇಷ್ಟು ಚೆನ್ನಾಗಿ ಹೊಂದುವಾಗ ಕಣಗಳು ಗುಂಪಾಗಿವೆ ಎನ್ನಲು ಜಾಗವೇ ಇಲ್ಲ.

ಆದರೂ ಅನುಮಾನ ಉಳಿದಿದ್ದರೆ ಹೀಗೆ ನೋಡಿ. 45 ಡಿಗ್ರಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ: ಗುಂಪಾಗುತ್ತಿದ್ದರೆ ಅಬ್ಸಾರ್ಬೆನ್ಸ್ ಏರುತ್ತಲೇ ಇರುತ್ತದೆ, ಇಲ್ಲದಿದ್ದರೆ ಸಮತಟ್ಟು. ತಣಿಸಿದಾಗ ಮತ್ತೆ 0.22ಕ್ಕೆ ಬರಬೇಕು. ದ್ರಾವಣವನ್ನು ಅರ್ಧಕ್ಕೆ ತೆಳು ಮಾಡಿದರೆ ಬೆಲೆಯೂ ಅರ್ಧವಾಗಬೇಕು. ನಿಜವಾಗಿ ಗುಂಪಾಗುವುದು ಉಪ್ಪು ಸೇರಿದಾಗ. ತಿರುವಿನ ಮೇಲೆ ಕಣಗಳನ್ನು ದೂರ ಇಡುವುದು ಪರ್‌ಸಲ್ಫೇಟ್‌ನಿಂದ ಬಂದ ಸಲ್ಫೇಟ್ ತುದಿಗಳ ವಿದ್ಯುದಂಶ. ಉಪ್ಪು ಅದನ್ನು ಮುಚ್ಚಿಹಾಕಿದರೆ ಕುಗ್ಗಿದ ಕಣಗಳು ಮೊಸರು ಒಡೆದಂತೆ ಒಡೆಯುತ್ತವೆ. ಬಫರ್‌ನಲ್ಲಿ ಮಾಡುವವರು ಇದನ್ನು ನೆನಪಿಡಬೇಕು. ಡಿಎಲ್‌ಎಸ್‌ಗೆ 1 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಸಾಕು.

ಹಾಗೇ, ಯುವಿ-ವಿಸ್ ತೋರಿಸುವ ಸಂಖ್ಯೆಗೆ "ಅಬ್ಸಾರ್ಬೆನ್ಸ್" ಎಂಬ ಹೆಸರೇ ದಾರಿ ತಪ್ಪಿಸುತ್ತದೆ. 500ರಲ್ಲಿ ಪಿನಿಪಾಮ್ ಏನನ್ನೂ ಹೀರುವುದಿಲ್ಲ. ವರದಿಯಲ್ಲಿ ಟರ್ಬಿಡಿಟಿ (ಕಲಕು, ಮಬ್ಬು) ಎಂದೇ ಬರೆಯಿರಿ. ಒಂದೇ ತರಂಗಾಂತರದ ಬದಲು 450ರಿಂದ 700ರವರೆಗೆ ಪೂರ್ತಿ ರೋಹಿತ ತೆಗೆದರೆ ಲಾಗ್-ಲಾಗ್ ನಕ್ಷೆಯ ಇಳಿಜಾರಿನಿಂದಲೂ ಗಾತ್ರ ಕುಗ್ಗುವುದು ಕಾಣುತ್ತದೆ: ಕಣ ಚಿಕ್ಕದಾದಷ್ಟೂ ಇಳಿಜಾರು ರೇಲೀಯ −4ರ ಕಡೆಗೆ ಕಡಿದಾಗುತ್ತದೆ. ಡಿಎಲ್‌ಎಸ್ ಸಿಗದ ದಿನ ಇದು ಕೈಹಿಡಿಯುತ್ತದೆ.

ನಿಧಾನಬಿಸಿ

34.6 ಮತ್ತು 31.0ರ ನಡುವಿನ ಅಂತರ ಜೆಲ್‌ನದಲ್ಲ, ಕ್ಯುವೆಟ್‌ನದು.

ಜೆಲ್ ಉಬ್ಬಲು ಕುಗ್ಗಲು ಬೇಕಾಗುವ ಕಾಲ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆ (ತನಾಕಾ-ಫಿಲ್ಮೋರ್ ಸಿದ್ಧಾಂತ). ಪಾಲಿಮರ್ ಜಾಲದ ವಿಸರಣ ಗುಣಾಂಕವನ್ನು 10⁻¹¹ ಮೀ²/ಸೆ. ಎಂದು ಹಿಡಿದರೆ, 240 ನ್ಯಾನೋಮೀಟರ್ ತ್ರಿಜ್ಯದ ಕಣಕ್ಕೆ ಬರುವ ಕಾಲ ಸುಮಾರು 0.6 ಮಿಲಿಸೆಕೆಂಡ್. ಅದೇ ಪದಾರ್ಥದ 1 ಸೆಂ.ಮೀ. ತ್ರಿಜ್ಯದ ಉಂಡೆಗೆ ಹನ್ನೊಂದು ದಿನಕ್ಕೂ ಹೆಚ್ಚು! ನಿಮ್ಮ ಕಣ ನೀರಿನ ಉಷ್ಣತೆಯನ್ನು ಕ್ಷಣಮಾತ್ರವೂ ತಡಮಾಡದೆ ಹಿಂಬಾಲಿಸುತ್ತದೆ. ತಡ ಮಾಡುವುದು 3 ಮಿ.ಲೀ. ನೀರು. ಯಂತ್ರ ಬರೆದುಕೊಳ್ಳುವುದು ಲೋಹದ ಬ್ಲಾಕ್‌ನ ಉಷ್ಣತೆಯನ್ನು. ಕಲಕದ ಕ್ಯುವೆಟ್‌ನಲ್ಲಿ ದ್ರವ ಅದರ ಹಿಂದೆ ಒಂದು ನಿಮಿಷದಷ್ಟು ಬಿದ್ದಿರುತ್ತದೆ, ನಿಮಿಷಕ್ಕೆ 2 ಡಿಗ್ರಿ ಎಂದರೆ ಎರಡು ಡಿಗ್ರಿ ತಪ್ಪು. ಬಿಸಿ ಮಾಡುವಾಗ ಮೇಲಕ್ಕೆ, ತಣಿಸುವಾಗ ಕೆಳಕ್ಕೆ.

ಮಾಡಬೇಕಾದ್ದು: ತೆಳು ಥರ್ಮೋಕಪಲ್ ತಂತಿಯನ್ನು ಕ್ಯುವೆಟ್‌ನ ಒಳಗೇ, ಬೆಳಕಿನ ಕಿರಣಕ್ಕೆ ಅಡ್ಡ ಬಾರದಂತೆ 2 ಮಿ.ಮೀ. ಮೇಲೆ ನಿಲ್ಲಿಸಿ. ಸಣ್ಣ ಮ್ಯಾಗ್ನೆಟ್ ಹಾಕಿ ಕಲಕಿ. ದರ 0.5ಕ್ಕೆ ಇಳಿಸಿ, ಸಾಧ್ಯವಾದರೆ 0.2. ತಂತಿ ಇಲ್ಲದಿದ್ದರೆ ಎರಡು ದರದಲ್ಲಿ ಬಿಸಿ-ತಣಿಸು ಮಾಡಿ, ಸಿಕ್ಕ ನಾಲ್ಕು ಬಿಂದುಗಳಿಂದ ಸೊನ್ನೆ ದರಕ್ಕೆ ಗೆರೆ ಎಳೆಯಿರಿ. ತಿರುವಿನ ಹತ್ತಿರ, 30ರಿಂದ 36ರವರೆಗೆ, 0.5 ಡಿಗ್ರಿ ಹೆಜ್ಜೆ ಇಟ್ಟು ಪ್ರತಿ ಹೆಜ್ಜೆಯಲ್ಲೂ 5 ನಿಮಿಷ ಕಾಯುವುದು ಇನ್ನೂ ಒಳ್ಳೆಯದು. ಡಿಎಲ್‌ಎಸ್‌ನಲ್ಲೂ ಅಷ್ಟೇ, 1 ಮಿ.ಲೀ.ಗೆ 5ರಿಂದ 10 ನಿಮಿಷ.

ದ್ರಾವಣದ ಗಾಳಿ ತೆಗೆದಿದ್ದೀರಾ? ತಣ್ಣೀರಿನಲ್ಲಿ ಕರಗಿದ ಗಾಳಿ 35 ದಾಟಿದ ಮೇಲೆ ಗುಳ್ಳೆಯಾಗಿ ಗಾಜಿನ ಗೋಡೆಗೆ ಅಂಟುತ್ತದೆ. ನಕ್ಷೆಯಲ್ಲಿ ಇದ್ದಕ್ಕಿದ್ದಂತೆ ಒಂದು ಜಿಗಿತ, ಕ್ಯುವೆಟ್ ತಟ್ಟಿದರೆ ಮಾಯ: ಅದು ಗುಳ್ಳೆ. ಅಳೆಯುವ ಮೊದಲು 10 ನಿಮಿಷ ನಿರ್ವಾತದಲ್ಲಿಡಿ. 15 ಡಿಗ್ರಿಗಿಂತ ಕೆಳಗೆ ಹೋಗುವುದಾದರೆ ಹೊರಗೋಡೆಗೆ ಇಬ್ಬನಿ ಕೂರುತ್ತದೆ, ಒಣ ನೈಟ್ರೋಜನ್ ಬೀಸುತ್ತಿರಬೇಕು.

ಕೊನೆಯದಾಗಿ ಡಯಾಲಿಸಿಸ್. ಒಂದು ದಿನ ಏನೇನೂ ಸಾಲದು. ಎಸ್‌ಡಿಎಸ್ ತನ್ನ ಮೈಸೆಲ್ ಮಿತಿಯಾದ (ಅದರ ಅಣುಗಳು ತಮ್ಮಷ್ಟಕ್ಕೆ ಗುಂಪುಗೂಡಲು ಶುರುವಾಗುವ ಸಾಂದ್ರತೆ) 8 ಮಿಲಿಮೋಲಾರ್‌ಗಿಂತ ಎಷ್ಟೋ ಕೆಳಗೇ ಪಿನಿಪಾಮ್ ಸರಪಳಿಗೆ ಅಂಟಿಕೊಂಡು ಅದಕ್ಕೆ ವಿದ್ಯುದಂಶ ಕೊಡುತ್ತದೆ. ತಿರುವು ಮೇಲಕ್ಕೆ ಸರಿಯುತ್ತದೆ, ಉಬ್ಬುವಿಕೆ ಹೆಚ್ಚಿದಂತೆ ಕಾಣುತ್ತದೆ. ದಿನಕ್ಕೆರಡು ಸಲ ನೀರು ಬದಲಿಸುತ್ತ ಒಂದು ವಾರ ಇಡಿ, ಹೊರಗಿನ ನೀರಿನ ವಾಹಕತೆ ಹೊಸ ನೀರಿನದಕ್ಕೆ ಬಂದು ನಿಲ್ಲುವವರೆಗೆ. ಜಾಲಕ್ಕೆ ಸೇರದೆ ಉಳಿದ ಉದ್ದನೆಯ ಸರಪಳಿಗಳು ಡಯಾಲಿಸಿಸ್ ಪೊರೆಯನ್ನು ದಾಟುವುದಿಲ್ಲ, ಅವಕ್ಕೆ ಸೆಂಟ್ರಿಫ್ಯೂಜ್ ಬೇಕು: ತಿರುವಿನ ಕೆಳಗೆ, 40,000 ಜಿ ಆಸುಪಾಸಿನಲ್ಲಿ ಒಂದು ಗಂಟೆ, ಮೇಲಿನ ನೀರು ಚೆಲ್ಲಿ ಮತ್ತೆ ಕದಡಿ, ಮೂರ್ನಾಲ್ಕು ಸಲ. ಬಿಸಿಯಲ್ಲಿ ತಿರುಗಿಸಿದರೆ ಬೇಗ ಕೂರುತ್ತದೆ ನಿಜ, ಆಮೇಲೆ ತಳದ ಗಟ್ಟಿ ಬಿಡಿಸಲು ಹರಸಾಹಸ.

ಅಮೈಡ್‌ಒಂದು

ಎಫ್‌ಟಿಐಆರ್ ಬಗ್ಗೆ. ನೀವು ಕಂಡ 1640ರ ದಪ್ಪ ಪಟ್ಟಿ ನೀರಿನ ಬಾಗು ಕಂಪನ. ಪಿನಿಪಾಮ್‌ನ ಅಮೈಡ್-1 ಪಟ್ಟಿ ಬರುವುದೂ ಅಲ್ಲೇ, 1625ರಿಂದ 1650 ಸೆಂ.ಮೀ⁻¹ ಒಳಗೆ. ಸಾವಿರ ಪಾಲು ನೀರಿನಲ್ಲಿ ಒಂದು ಪಾಲು ಪಾಲಿಮರ್ ಇಟ್ಟು ಅದನ್ನು ಹುಡುಕುವುದು ಜಾತ್ರೆಯಲ್ಲಿ ಪಿಸುಮಾತು ಕೇಳಿಸಿಕೊಂಡಂತೆ.

ದಾರಿ ಭಾರಜಲ, ಅಂದರೆ ಹೈಡ್ರೋಜನ್ ಜಾಗದಲ್ಲಿ ಡ್ಯೂಟೀರಿಯಂ ಇರುವ ನೀರು. ಅದರ ಬಾಗು ಕಂಪನ 1210ರ ಬಳಿಗೆ ಇಳಿಯುವುದರಿಂದ ಅಮೈಡ್-1ರ ಜಾಗ ಖಾಲಿಯಾಗುತ್ತದೆ. ಶುದ್ಧ ಮಾಡಿದ ಜೆಲ್ ಅನ್ನು ಫ್ರೀಜ್-ಡ್ರೈ ಮಾಡಿ, ಭಾರಜಲದಲ್ಲಿ ಒಂದು ರಾತ್ರಿ ಉಬ್ಬಲು ಬಿಟ್ಟು, ಮತ್ತೆ ಫ್ರೀಜ್-ಡ್ರೈ ಮಾಡಿ, ಮತ್ತೆ ಭಾರಜಲ. ಎರಡು ಸಲ ಮಾಡುವುದು ಸಾರಜನಕದ ಮೇಲಿನ ಹೈಡ್ರೋಜನ್ ಪೂರ್ತಿ ಡ್ಯೂಟೀರಿಯಂ ಆಗಲೆಂದು. ಆಗಿದೆಯೇ ಎಂದು ತಿಳಿಯಲು 1550ರ ಹತ್ತಿರದ ಅಮೈಡ್-2 ನೋಡಿ. ಅದು ಅಲ್ಲಿಂದ ಮಾಯವಾಗಿ 1450ರ ಕಡೆ ಹೋಗಿರಬೇಕು. ಅರೆಬರೆ ವಿನಿಮಯವಾದ ಮಾದರಿಯಲ್ಲಿ ಅಳತೆ ನಡೆಯುತ್ತಿರುವಾಗಲೇ ಪಟ್ಟಿ ಸರಿಯುತ್ತದೆ, ಅದನ್ನು ಉಷ್ಣತೆಯ ಪರಿಣಾಮ ಎಂದು ಓದಿಬಿಡುವ ಅಪಾಯವಿದೆ. ಕೋಶವನ್ನು ಬಿಗಿಯಾಗಿ ಮುಚ್ಚಿ: ಗಾಳಿಯ ತೇವ ಸೇರಿದರೆ ಅರೆಭಾರ ನೀರು (ಒಂದು ಹೈಡ್ರೋಜನ್, ಒಂದು ಡ್ಯೂಟೀರಿಯಂ ಇರುವುದು) ಉಂಟಾಗಿ ಅದೂ 1450ರಲ್ಲೇ ಪಟ್ಟಿ ಕೊಡುತ್ತದೆ.

ಸಾಂದ್ರತೆ 5% ಇರಲಿ. ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿ, 50 ಮೈಕ್ರಾನ್ ಸ್ಪೇಸರ್. 5% ಎಂದರೆ ಉಬ್ಬಿದ ಕಣಗಳು ಜಾಗವನ್ನೆಲ್ಲ ತುಂಬಿ ದ್ರಾವಣ ಪೇಸ್ಟ್ ಆಗಿರುತ್ತದೆ, ಸಿರಿಂಜ್‌ನಿಂದ ತುಂಬಲು ಹೋದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಒಂದು ಕಿಟಕಿಯ ಮೇಲೆ ಸವರಿ ಇನ್ನೊಂದನ್ನು ಒತ್ತಿ. ಇಕ್ಕಟ್ಟಿನಲ್ಲಿರುವ ಕಣಗಳಿಗೆ ತಣ್ಣಗಿರುವಾಗ ಪೂರ್ತಿ ಉಬ್ಬಲು ಜಾಗವಿರುವುದಿಲ್ಲ ಎಂಬುದೂ ನೆನಪಿರಲಿ, ತೆಳು ದ್ರಾವಣದ ಡಿಎಲ್‌ಎಸ್ ಜೊತೆ ಹೋಲಿಸುವಾಗ ಇದು ಅಡ್ಡ ಬರುತ್ತದೆ. ಹಿನ್ನೆಲೆಯಾಗಿ ಬರಿ ಭಾರಜಲದ ರೋಹಿತವನ್ನು ಪ್ರತಿ ಉಷ್ಣತೆಯಲ್ಲೂ ಬೇರೆಯಾಗಿ ತೆಗೆಯಬೇಕು. 25 ಡಿಗ್ರಿಯ ಹಿನ್ನೆಲೆಯನ್ನು 40 ಡಿಗ್ರಿಯ ಮಾದರಿಯಿಂದ ಕಳೆದರೆ ದ್ರಾವಕದ್ದೇ ಒಂದು ಅಲೆ ಉಳಿದುಕೊಳ್ಳುತ್ತದೆ.

ಈಗ ಏನು ಕಾಣಬೇಕು? ತಣ್ಣಗಿರುವಾಗ ಕಾರ್ಬೊನಿಲ್ ಗುಂಪು ನೀರಿಗೆ ಹೈಡ್ರೋಜನ್ ಬಂಧದಿಂದ ಕಟ್ಟಿಕೊಂಡಿರುವುದರಿಂದ 1625ರ ಬಳಿ ಒಂದೇ ಪಟ್ಟಿ. ತಿರುವು ದಾಟಿದಾಗ 1650ರ ಬಳಿ ಭುಜದಂತೆ ಇನ್ನೊಂದು ಮೂಡುತ್ತದೆ: ಅದು ಪಕ್ಕದ ಅಮೈಡ್‌ಗೇ ಬಂಧ ಬೆಳೆಸಿದ ಕಾರ್ಬೊನಿಲ್. 1625ರದು ಮಾಯವಾಗುವುದಿಲ್ಲ, ಅದೇ ದೊಡ್ಡದಾಗಿ ಉಳಿಯುತ್ತದೆ. ಕುಗ್ಗಿದ ಕಣ ಒಣಗಿದ ಕಣವಲ್ಲ, ಅದರೊಳಗೆ ಇನ್ನೂ ಬೇಕಾದಷ್ಟು ನೀರಿದೆ. ಬಹುಪಾಲು ಅಮೈಡ್‌ಗಳು ಇನ್ನೂ ನೀರಿನ ಸಹವಾಸದಲ್ಲೇ ಇವೆ. ಇದರ ಜೊತೆಗೆ 2970-2985ರ ಬಳಿಯ ಮೀಥೈಲ್ ಹಿಗ್ಗು ಕಂಪನ ಕೆಲವು ತರಂಗಸಂಖ್ಯೆ ಕೆಳಕ್ಕೆ ಜಾರುತ್ತದೆ. ಐಸೊಪ್ರೊಪೈಲ್ ಗುಂಪಿನ ಸುತ್ತ ನೀರು ಕಟ್ಟಿದ್ದ ಪಂಜರ ಸಡಿಲವಾದ ಗುರುತು ಅದು. ನನ್ನ ಮಟ್ಟಿಗೆ ಈ ಸರಿತ ಅಮೈಡ್ ಪಟ್ಟಿಗಿಂತ ನಂಬಿಕಸ್ಥ, ಏಕೆಂದರೆ ಇದಕ್ಕೆ ಪಟ್ಟಿ ಒಡೆದು ಕೂಡಿಸುವ ಗಣಿತ ಬೇಡ.

ಎಟಿಆರ್ ಮೇಲೆ ಕಣ್ಣಿಟ್ಟವರಿಗೆ ಎಚ್ಚರಿಕೆ: ಅದು ಹರಳಿನ ಮೇಲಿನ ಒಂದೆರಡು ಮೈಕ್ರಾನ್ ಪದರವನ್ನು ಮಾತ್ರ ನೋಡುತ್ತದೆ. ಬಿಸಿಯಾದಾಗ ಕಣಗಳು ಹರಳಿಗೆ ಅಂಟಿದರೆ ಪಟ್ಟಿಗಳೆಲ್ಲ ಒಟ್ಟಿಗೆ ಎತ್ತರವಾಗುತ್ತವೆ. ಎತ್ತರ ನೋಡಬೇಡಿ, ಸ್ಥಾನ ಮತ್ತು ಅನುಪಾತ ನೋಡಿ.

ಭಾರಜಲದಲ್ಲಿ ತಿರುವೇ ಅರ್ಧದಿಂದ ಒಂದು ಡಿಗ್ರಿ ಮೇಲಿರುತ್ತದೆ. ಅದರಲ್ಲಿ ಡಿಎಲ್‌ಎಸ್ ಮಾಡಿದರೆ ಸ್ನಿಗ್ಧತೆಯನ್ನೂ ಬದಲಿಸಿ, 25 ಡಿಗ್ರಿಯಲ್ಲಿ 1.095.

ಹಾಲುನೀರು

ಎಲ್ಲರಿಗೂ ಧನ್ಯವಾದ. ಸ್ನಿಗ್ಧತೆ ನಿಜಕ್ಕೂ 0.890ಕ್ಕೆ ಕಟ್ಟಿಬಿದ್ದಿತ್ತು, ಮರುಲೆಕ್ಕದಲ್ಲಿ 480 ಮತ್ತು 225. ಗೂನು ಇರುವ ಕಡೆಯೇ ಕೌಂಟ್ ರೇಟ್ ಹಳ್ಳ ಬಿದ್ದಿದೆ. 45 ಡಿಗ್ರಿಯಲ್ಲಿ ಅರ್ಧ ಗಂಟೆ ನಿಲ್ಲಿಸಿದರೂ ಟರ್ಬಿಡಿಟಿ ಅಲುಗಲಿಲ್ಲ. ನಿಮಿಷಕ್ಕೆ 0.5 ಡಿಗ್ರಿಯಲ್ಲಿ ಬಿಸಿಗೆ 33.2, ತಣಿಸುವಾಗ 32.4. ಹಳೆಯ ಎರಡು ಬಿಂದುವನ್ನೂ ಸೇರಿಸಿ ಗೆರೆ ಎಳೆದರೆ ಸೊನ್ನೆ ದರದಲ್ಲಿ 32.8. ಡಯಾಲಿಸಿಸ್ ಇನ್ನೂ ನಡೆಯುತ್ತಿದೆ.

ಒಂದು ಉಳಿಯಿತು. ಅದೇ ಮಾದರಿಯಲ್ಲಿ ಡಿಎಲ್‌ಎಸ್ ತಿರುವು 32.2. ಈ 0.6 ಡಿಗ್ರಿ ಅಂತರ ಯಾರ ತಪ್ಪು? ಯಾವುದನ್ನು "ನಿಜವಾದ" ತಿರುವು ಎಂದು ಬರೆಯಲಿ?

ಚದುರುಬೆಳಕು

ಯಾರದೂ ಅಲ್ಲ. ಎರಡು ಯಂತ್ರಗಳೂ ಬೇರೆ ಬೇರೆ ರಾಶಿಯನ್ನು ಅಳೆಯುತ್ತಿವೆ, ನೀವು ಎರಡರಲ್ಲೂ "ಅತಿ ಕಡಿದಾದ ಬಿಂದು" ಹುಡುಕುತ್ತಿದ್ದೀರಿ. ಟರ್ಬಿಡಿಟಿ ತ್ರಿಜ್ಯದೊಂದಿಗೆ ನೇರ ಗೆರೆಯಲ್ಲಿ ಬದಲಾಗುವುದಿಲ್ಲ. ನಿಮ್ಮ ಗಾತ್ರದ ಕಣಕ್ಕೆ ಅದು ಹೆಚ್ಚೂಕಡಿಮೆ ತ್ರಿಜ್ಯದ ವರ್ಗಕ್ಕೆ ವಿಲೋಮ. ಆದ್ದರಿಂದ ಕುಗ್ಗುವಿಕೆಯ ಕೊನೆಯ ಭಾಗದಲ್ಲಿ, ಕಣ ಆಗಲೇ ಚಿಕ್ಕದಾದ ಮೇಲೆ, ಅದು ಜೋರಾಗಿ ಏರುತ್ತದೆ. ಕಡಿದಾದ ಬಿಂದು ಬಿಸಿಯ ಕಡೆಗೆ ಸರಿಯಲೇಬೇಕು. ಡಿಎಲ್‌ಎಸ್ ತ್ರಿಜ್ಯಗಳಿಂದ ಟರ್ಬಿಡಿಟಿ ಲೆಕ್ಕ ಹಾಕಿ ಆ ರೇಖೆಯ ತಿರುವು ನೋಡಿ. ಅದು 32.8ರ ಹತ್ತಿರ ಬಂದರೆ ಎರಡೂ ಅಳತೆ ಒಂದೇ ಮಾತು ಹೇಳುತ್ತಿವೆ ಎಂದರ್ಥ.

ಇನ್ನೊಂದು: ಪಿನಿಪಾಮ್ ಮೈಕ್ರೋಜೆಲ್‌ಗೆ "ಒಂದು" ತಿರುವು ಇರಬೇಕೆಂಬುದೇ ತುಸು ಹೆಚ್ಚಿನ ಆಸೆ. ತಯಾರಿಯಲ್ಲಿ ಬಿಸ್ ನಿಪಾಮ್‌ಗಿಂತ ಬೇಗ ಖರ್ಚಾಗುತ್ತದೆ, ಹಾಗಾಗಿ ಕಣದ ನಡುಭಾಗ ದಟ್ಟ, ಅಂಚು ಸಡಿಲ. ಸಡಿಲ ಅಂಚು ಹೆಚ್ಚು ಉಬ್ಬುತ್ತದೆ, ಚೂಪಾಗಿ ಕುಗ್ಗುತ್ತದೆ. ದಟ್ಟ ನಡುಭಾಗ ಮೆಲ್ಲಗೆ, ಅಗಲವಾದ ವ್ಯಾಪ್ತಿಯಲ್ಲಿ. ಡಿಎಲ್‌ಎಸ್ ಹೊರಗಿನ ನಾರುಗಳನ್ನೂ ಸೇರಿಸಿ ಅಳೆಯುತ್ತದೆ, ಚದುರಿಕೆಗೆ ನಡುಭಾಗವೇ ಮುಖ್ಯ. 32.2 ಮತ್ತು 32.8 ಎರಡನ್ನೂ ಬರೆಯಿರಿ, ಪಕ್ಕದಲ್ಲಿ ವಿಧಾನ, ಸಾಂದ್ರತೆ, ದರ.

ಅಮೈಡ್‌ಒಂದು

ಇದೇ ಸರಣಿಗೆ ಪೈರೀನ್ (ಸುತ್ತಲಿನ ಪರಿಸರಕ್ಕೆ ತಕ್ಕಂತೆ ಹೊಳಪು ಬದಲಿಸುವ ಅಣು) ಸೇರಿಸುವ ಯೋಚನೆ ಇದ್ದರೆ ಈಗಲೇ ಹೇಳಿಬಿಡುತ್ತೇನೆ. ಪೈರೀನ್ ಅನ್ನು ಅಸಿಟೋನ್‌ನಲ್ಲಿ ಕರಗಿಸಿ ಖಾಲಿ ಶೀಶೆಗೆ ಹಾಕಿ, ಅಸಿಟೋನ್ ಪೂರ್ತಿ ಆರಿದ ಮೇಲೆ ಜೆಲ್ ದ್ರಾವಣ ಸುರಿದು ರಾತ್ರಿಯಿಡೀ ಕಲಕಿ. ಕೊನೆಯ ಸಾಂದ್ರತೆ 0.5 ಮೈಕ್ರೋಮೋಲಾರ್ ದಾಟಬಾರದು, ನೀರಿನಲ್ಲಿ ಅದರ ಕರಗುವ ಮಿತಿಯೇ ಅಷ್ಟರ ಸುಮಾರಿಗಿದೆ. 335 ನ್ಯಾನೋಮೀಟರ್‌ನಲ್ಲಿ ಉದ್ದೀಪಿಸಿ, 373 ಮತ್ತು 384ರ ಎರಡು ಶಿಖರಗಳ ಅನುಪಾತ ನೋಡಿ. ನೀರಿನಲ್ಲಿ 1.8ರ ಆಸುಪಾಸು, ಕಣ ಕುಗ್ಗಿ ಒಳಗೆ ಎಣ್ಣೆಯಂಥ ಪರಿಸರ ಉಂಟಾದಂತೆ ಇಳಿಯುತ್ತದೆ. ಹೊರಸೂಸು ಕಡೆಯ ಸ್ಲಿಟ್ 2 ನ್ಯಾನೋಮೀಟರ್ ಮೀರಿದರೆ ಎರಡು ಶಿಖರ ಕಲಸಿಹೋಗಿ ಅನುಪಾತವೇ ಸುಳ್ಳಾಗುತ್ತದೆ. ಬೇರೆ ಯಂತ್ರದ ಅಂಕಿಗೆ ಹೋಲಿಸುವ ಮೊದಲು ಬರಿ ನೀರಿನಲ್ಲಿ ನಿಮ್ಮ ಯಂತ್ರ ಎಷ್ಟು ಕೊಡುತ್ತದೆಂದು ಅಳೆದಿಡಿ.

ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಹೈಡ್ರೋಜನ್‌ಗಳ ಸಂಕೇತ ಅಳೆಯುವ ವಿಧಾನ) ಆದರೆ 1.1 ಪಿಪಿಎಂ ಬಳಿಯ ಮೀಥೈಲ್ ಸಂಕೇತದ ವಿಸ್ತೀರ್ಣ ಹಿಂಬಾಲಿಸಿ. ಕುಗ್ಗಿದ ಸರಪಳಿ ಅಲುಗದೆ ಕೂತಾಗ ಸಂಕೇತ ಅಗಲವಾಗಿ ತಳದ ಗೆರೆಯಲ್ಲಿ ಮುಳುಗುತ್ತದೆ. ಹೋಲಿಕೆಯ ವಸ್ತುವನ್ನು ದ್ರಾವಣಕ್ಕೆ ಸೇರಿಸದೆ ಬೇರೆ ಕ್ಯಾಪಿಲರಿಯಲ್ಲಿಡಿ, ಇಲ್ಲದಿದ್ದರೆ ಅದೂ ಜೆಲ್ ಒಳಗೆ ನುಗ್ಗುತ್ತದೆ. ಉಷ್ಣತೆಗೆ ಯಂತ್ರದ ಫಲಕ ನಂಬಬೇಡಿ: ಉಳಿದಿರುವ ಅರೆಭಾರ ನೀರಿನ ಶಿಖರ ಡಿಗ್ರಿಗೆ ಸುಮಾರು 0.01 ಪಿಪಿಎಂನಂತೆ ಸರಿಯುತ್ತದೆ, ಕೊಳವೆಯೊಳಗೇ ಇರುವ ಥರ್ಮಾಮೀಟರ್ ಅದು.